ರೈಸ್ ಮಿಲ್ಲಿನ ಬ್ಯಾಲೆನ್ಸ್ ಶೀಟ್ ಓದುವುದು ಹೇಗೆ? ಉದ್ರಿ ಕೊಡುವ, ಪಾಲು ಹಾಕುವ ಮುನ್ನ ಮಾಡಬೇಕಾದ ಲೆಕ್ಕ

ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ರೈಸ್ ಮಿಲ್ಲಿಗೆ ದುಡ್ಡು ಬರುವ ದಾರಿ ಮುಖ್ಯವಾಗಿ ಮೂರು: ಸಿ.ಸಿ. ಸಾಲ (ಕ್ಯಾಶ್ ಕ್ರೆಡಿಟ್, ಅಂದರೆ ಒಂದು ಲಿಮಿಟ್ಟಿನೊಳಗೆ ಬೇಕಾದಾಗ ತೆಗೆದು ಕಟ್ಟುವ ಸಾಲ) ಕೊಡುವ ಬ್ಯಾಂಕು, ಭತ್ತ ಉದ್ರಿ ಬಿಡುವ ಅಡತಿಯವರು (ದಲಾಲರು), ಪಾಲು ಹಾಕುವ ನೆಂಟರಿಷ್ಟರು. ಲೆಕ್ಕ ಓದುವುದಕ್ಕೆಂದೇ ಬ್ಯಾಂಕಿನಲ್ಲಿ ಜನ ಇದ್ದಾರೆ. ಉಳಿದಿಬ್ಬರು ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ: "ಈ ವರ್ಷ ಲಾಭ ಎಷ್ಟಾತು?" ಆ ಪ್ರಶ್ನೆಗೆ ಸಿಗುವ ಉತ್ತರ ಸುಳ್ಳೇ ಆಗಿರಬೇಕಿಲ್ಲ. ಆದರೆ ಲಾಭ ತೋರಿಸಿದ ವರ್ಷವೇ ಮಿಲ್ಲಿನ ಬಾಗಿಲಿಗೆ ಬೀಗ ಬೀಳಬಹುದು. ದುಡ್ಡು ಚೀಲದಲ್ಲೋ ಬಾಕಿಯಲ್ಲೋ ಸಿಕ್ಕಿಕೊಂಡರೆ ಲಾಭವನ್ನು ಎಣಿಸಿ ಕೊಡಲು ಬರುವುದಿಲ್ಲ. ಆದ್ದರಿಂದ ಈ ಓದು ಲಾಭದಿಂದ ಹೊರಟರೂ ಅಲ್ಲೇ ನಿಲ್ಲುವುದಿಲ್ಲ.

ಮೊದಲು ಕಾಗದ

ಮೂರು ವರ್ಷದ ಬ್ಯಾಲೆನ್ಸ್ ಶೀಟ್ ಮತ್ತು ಲಾಭ-ನಷ್ಟ ಖಾತೆಯನ್ನು ಷೆಡ್ಯೂಲ್‌ಗಳ (ಪ್ರತಿ ಸಾಲಿನ ಬಿಡಿ ವಿವರದ ಪಟ್ಟಿಗಳ) ಸಮೇತ ಕೇಳಿ. ಷೆಡ್ಯೂಲ್ ಇಲ್ಲದ ಒಂದು ಹಾಳೆ ತಂದುಕೊಟ್ಟರೆ ತಗೊಳ್ಳಬೇಡಿ. ಜೊತೆಗೆ ತೆರಿಗೆ ಆಡಿಟ್ ವರದಿ, 24 ತಿಂಗಳ ಜಿಎಸ್‌ಟಿ 3ಬಿ ರಿಟರ್ನ್ (ಮಾರಾಟ, ತೆರಿಗೆಯ ಲೆಕ್ಕ), 12 ತಿಂಗಳ ಸಿ.ಸಿ. ಖಾತೆಯ ಸ್ಟೇಟ್‌ಮೆಂಟ್, ಬ್ಯಾಂಕಿಗೆ ತಿಂಗಳು ತಿಂಗಳು ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟ್ (ದಾಸ್ತಾನು, ಬಾಕಿಯ ಪಟ್ಟಿ) ಬೇಕು. ಕೊನೆಯದನ್ನು ಕೊಡಲು ಹೆಚ್ಚಿನವರು ಹಿಂದೆಮುಂದೆ ನೋಡುತ್ತಾರೆ. ಅತಿ ಹೆಚ್ಚು ಹೇಳುವ ಕಾಗದವೂ ಅದೇ.

ಲೆಕ್ಕಪರಿಶೋಧಕರ ಸಹಿಯ ಕೆಳಗೆ ಯುಡಿಐಎನ್ ಎಂಬ 18 ಅಂಕಿ-ಅಕ್ಷರದ ಸಂಖ್ಯೆ ಇರಬೇಕು. ಚಾರ್ಟರ್ಡ್ ಅಕೌಂಟೆಂಟ್ ಸಂಸ್ಥೆಯ ಯುಡಿಐಎನ್ ಜಾಲತಾಣದಲ್ಲಿ ಅದನ್ನು ಹಾಕಿ ನೋಡಲು ಎರಡು ನಿಮಿಷ ಸಾಕು. ಬ್ಯಾಂಕಿಗೊಂದು, ತೆರಿಗೆಗೊಂದು ಬ್ಯಾಲೆನ್ಸ್ ಶೀಟ್ ಮಾಡುವ ಚಾಳಿಗೆ ಈ ಸಂಖ್ಯೆ ಬಂದ ಮೇಲೆ ಸಾಕಷ್ಟು ಕಡಿವಾಣ ಬಿದ್ದಿದೆ. ಆದರೂ ನೋಡಿ.

ಮಿಲ್ಲು ಪ್ರೈವೇಟ್ ಲಿಮಿಟೆಡ್ ಕಂಪನಿಯಾಗಿದ್ದರೆ ಕೆಲಸ ಹಗುರ. ಎಂಸಿಎ (ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ) ಜಾಲತಾಣದಲ್ಲಿ 100 ರೂಪಾಯಿ ಶುಲ್ಕ ಕಟ್ಟಿದರೆ ಸಲ್ಲಿಸಿದ ಲೆಕ್ಕಪತ್ರ ಕಾಣುತ್ತದೆ. ಯಾವ ಬ್ಯಾಂಕಿಗೆ ಯಾವ ಆಸ್ತಿ ಅಡ ಇದೆ ಎಂಬ ಪಟ್ಟಿಯನ್ನು ಶುಲ್ಕವಿಲ್ಲದೆ ನೋಡಬಹುದು. ಪಾಲುದಾರಿಕೆ ಫರ್ಮಿನ ಲೆಕ್ಕ ಹೀಗೆ ಸಾರ್ವಜನಿಕವಾಗಿ ಸಿಗುವುದಿಲ್ಲ, ಅವರೇ ಕೊಡಬೇಕು.

ಉದಾಹರಣೆಗೆ ಒಂದು ಮಿಲ್ಲು

ಕಾರಟಗಿ ಹತ್ತಿರದ ಒಂದು ಫರ್ಮ್ ಎಂದುಕೊಳ್ಳಿ. ಅಂಕಿಗಳೆಲ್ಲ ಕಲ್ಪಿತ, ಲಕ್ಷ ರೂಪಾಯಿಗಳಲ್ಲಿ. 75 ಕೆಜಿಯ 2 ಲಕ್ಷ ಚೀಲ ಭತ್ತ, ಚೀಲಕ್ಕೆ 1,800 ರೂಪಾಯಿಯಂತೆ.

2024-25ರ ಲಾಭ-ನಷ್ಟ:
ಮಾರಾಟ (ಅಕ್ಕಿ, ನುಚ್ಚು, ತೌಡು, ಉಮಿ ಸೇರಿ) 3,900
ಖರ್ಚಾದ ಭತ್ತದ ವೆಚ್ಚ 3,600
ಕರೆಂಟು, ಹಮಾಲಿ, ಗೋಣಿಚೀಲ, ಸಂಬಳ ಇತ್ಯಾದಿ 145
ಸವಕಳಿ 30
ಬಡ್ಡಿ 80 (ಸಿ.ಸಿ.ಗೆ 63, ಕಂತಿನಲ್ಲಿ ತೀರಿಸುವ ಟರ್ಮ್ ಲೋನಿಗೆ 17)
ತೆರಿಗೆಗೆ ಮುಂಚಿನ ಲಾಭ 45, ತೆರಿಗೆ 14, ನಿವ್ವಳ ಲಾಭ 31

ಬ್ಯಾಲೆನ್ಸ್ ಶೀಟ್, ಮಾರ್ಚ್ 31ಕ್ಕೆ (ಮೊದಲು 2024, ನಂತರ 2025):
ಕಟ್ಟಡ, ಯಂತ್ರ: 300 → 270
ದಾಸ್ತಾನು: 300 → 500
ಗಿರಾಕಿಗಳಿಂದ ಬರಬೇಕಾದ ಬಾಕಿ: 400 → 620
ಮುಂಗಡ, ಠೇವಣಿ: 50 → 60
ನಗದು: 20 → 10
ಆಸ್ತಿ ಒಟ್ಟು: 1,070 → 1,460

ಪಾಲುದಾರರ ಬಂಡವಾಳ: 361 → 380
ಟರ್ಮ್ ಲೋನ್: 190 → 150
ಸಿ.ಸಿ. ಸಾಲ: 330 → 580
ಭತ್ತದವರಿಗೆ ಕೊಡಬೇಕಾದದ್ದು: 130 → 250
ನೆಂಟರಿಂದ ಬಡ್ಡಿಯಿಲ್ಲದ ಕೈಸಾಲ: 40 → 80
ಇತರೆ: 19 → 20
ಹೊಣೆ ಒಟ್ಟು: 1,070 → 1,460

ಬಂಡವಾಳದ ಲೆಕ್ಕ ಕೂಡುತ್ತದೆಯೇ ನೋಡಿ: 361ಕ್ಕೆ ಲಾಭ 31 ಸೇರಿಸಿ, ಪಾಲುದಾರರು ಮನೆಗೆ ಒಯ್ದ 12 ಕಳೆದರೆ 380. ಇದು ಕೂಡದಿದ್ದರೆ ಮುಂದೆ ಓದುವ ಶ್ರಮ ಬೇಡ. ಮೊದಲು ಪಾಲುದಾರರ ಖಾತೆಯ ವಿವರ ತರಿಸಿ.

ಲಾಭದಿಂದ ದುಡ್ಡಿಗೆ

ಫರ್ಮಿನವರು ನಗದು ಹರಿವಿನ ಪಟ್ಟಿ ಕೊಡುವುದು ಅಪರೂಪ. ಎರಡು ವರ್ಷದ ಬ್ಯಾಲೆನ್ಸ್ ಶೀಟ್ ಇದ್ದರೆ ನೀವೇ ಹಾಕಬಹುದು. ನಿಯಮ ಸರಳ: ಆಸ್ತಿ ಹೆಚ್ಚಿದರೆ ದುಡ್ಡು ಹೊರಗೆ ಹೋಗಿದೆ, ಹೊಣೆ ಹೆಚ್ಚಿದರೆ ದುಡ್ಡು ಒಳಗೆ ಬಂದಿದೆ.

ನಿವ್ವಳ ಲಾಭ 31ರಿಂದ ಶುರುಮಾಡಿ. ಸವಕಳಿ 30 ಬರೀ ಬರಹದ ಖರ್ಚು, ಯಾರಿಗೂ ಕೊಟ್ಟಿಲ್ಲ, ವಾಪಸ್ ಸೇರಿಸಿ: 61. ಈಗ ದಾಸ್ತಾನಿನಲ್ಲಿ 200, ಬಾಕಿಯಲ್ಲಿ 220, ಮುಂಗಡದಲ್ಲಿ 10 ಸಿಕ್ಕಿಕೊಂಡಿದೆ: ಒಟ್ಟು 430 ಹೊರಗೆ. ಭತ್ತದವರಿಗೆ ಕೊಡದೆ ಉಳಿಸಿಕೊಂಡದ್ದು 120, ಇತರೆ 1: ಒಟ್ಟು 121 ಒಳಗೆ. 61 − 430 + 121 = −248.

ಅಂದರೆ 31 ಲಕ್ಷ ಲಾಭ ತೋರಿಸಿದ ವ್ಯಾಪಾರ ಅದೇ ವರ್ಷ 2 ಕೋಟಿ 48 ಲಕ್ಷ ನುಂಗಿದೆ. ಆ ದುಡ್ಡು ಎಲ್ಲಿಂದ ಬಂತು? ಸಿ.ಸಿ.ಯಿಂದ 250, ನೆಂಟರಿಂದ 40 ಬಂದಿದೆ. ಅದರಲ್ಲಿ ಟರ್ಮ್ ಲೋನಿನ ಕಂತು 40, ಮನೆಗೆ 12 ಹೋಗಿದೆ. ಉಳಿದದ್ದು 238. ವ್ಯತ್ಯಾಸದ 10 ತಿಜೋರಿಯಿಂದ, ಹಾಗಾಗಿ ನಗದು 20ರಿಂದ 10ಕ್ಕೆ ಇಳಿಯಿತು. ಲೆಕ್ಕ ಪೂರ್ತಿ ಕೂಡಿತು. ಟರ್ಮ್ ಲೋನಿನ ಕಂತನ್ನು ಸಿ.ಸಿ. ತೆಗೆದು ಕಟ್ಟುತ್ತಿದ್ದಾರೆ ಎಂಬುದು ಈ ನಾಲ್ಕು ಸಾಲಿನಲ್ಲೇ ಬಯಲಾಗುತ್ತದೆ. ಒಂದು ವರ್ಷ ಹೀಗಾದರೆ ವ್ಯಾಪಾರ ಬೆಳೆಯುತ್ತಿದೆ ಎನ್ನಬಹುದು. ಆದರೆ ಇಲ್ಲಿ ಹಿಂದಿನ ವರ್ಷದ ಮಾರಾಟ 3,650. ಮಾರಾಟ ಬೆಳೆದದ್ದು ಶೇ 7ರ ಆಸುಪಾಸು. ಬಾಕಿ ಬೆಳೆದದ್ದು ಶೇ 55, ದಾಸ್ತಾನು ಶೇ 67.

ದುಡ್ಡು ಎಷ್ಟು ದಿನ ಹೊರಗಿರುತ್ತದೆ

ಇದನ್ನು ದಿನಗಳಲ್ಲಿ ಹೇಳಿದರೆ ಅಂಗಡಿಯಲ್ಲಿ ಕೂತವರಿಗೂ ತಟ್ಟುತ್ತದೆ.

ಬಾಕಿ ÷ ಮಾರಾಟ × 365: 620 ÷ 3,900 × 365 = 58 ದಿನ.
ದಾಸ್ತಾನು ÷ ಭತ್ತದ ವೆಚ್ಚ × 365: 500 ÷ 3,600 × 365 = 51 ದಿನ.
ಕೊಡಬೇಕಾದದ್ದು ÷ ಖರೀದಿ × 365: 250 ÷ 3,800 × 365 = 24 ದಿನ.

ಖರೀದಿ 3,800 ಹೇಗೆ? ಖರ್ಚಾದ ಭತ್ತ 3,600ಕ್ಕೆ ದಾಸ್ತಾನು ಹೆಚ್ಚಿದ 200 ಸೇರಿಸಿದ್ದು. 51 + 58 − 24 = 85 ದಿನ. ಭತ್ತಕ್ಕೆ ಕೊಟ್ಟ ರೂಪಾಯಿ ಅಕ್ಕಿಯ ರೂಪಾಯಿಯಾಗಿ ವಾಪಸ್ ಬರಲು 85 ದಿನ. ಹಿಂದಿನ ವರ್ಷ ಇದೇ ಲೆಕ್ಕ 32 + 40 − 14 = 58 ದಿನ ಇತ್ತು. ಉದ್ರಿ ಕೊಡುವ ಅಡತಿಯವರು ಕೊನೆಯ ಅಂಕಿಯ ಮೇಲೆ ಕಣ್ಣಿಡಬೇಕು: ನಿಮಗೆ 14 ದಿನಕ್ಕೆ ಬರುತ್ತಿದ್ದ ದುಡ್ಡು ಈಗ 24 ದಿನಕ್ಕೆ ಬರುತ್ತಿದೆ. ಮಿಲ್ಲಿನ ಬಂಡವಾಳದ ಒಂದು ಪಾಲನ್ನು ಬಡ್ಡಿಯಿಲ್ಲದೆ ನೀವೇ ಹೊತ್ತಿದ್ದೀರಿ.

ಬಾಕಿಯ ಒಟ್ಟು ಮೊತ್ತ ಸಾಲದು, ಅದರ ವಯಸ್ಸು ಬೇಕು. ಕಂಪನಿಗಳು 2021ರ ಏಪ್ರಿಲ್‌ನಿಂದ ಬಾಕಿಯನ್ನು ವಯಸ್ಸಿನ ಪ್ರಕಾರ ಬಿಡಿಸಿ ತೋರಿಸಲೇಬೇಕು. ಫರ್ಮಿನಿಂದ ನೀವು ಕೇಳಿ ಪಡೆಯಬೇಕು. ನಮ್ಮ ಉದಾಹರಣೆಯಲ್ಲಿ 620ರ ಪೈಕಿ 150 ಲಕ್ಷ 90 ದಿನ ದಾಟಿದೆ ಎಂದುಕೊಳ್ಳಿ. ಈ ಅಂಕಿ ಮುಂದೆ ಮತ್ತೆ ಬೇಕಾಗುತ್ತದೆ.

ಗೋಡೌನಿನೊಳಗೆ

ಅಕ್ಕಿ ವ್ಯಾಪಾರದಲ್ಲಿ ಲಾಭ ಹುಟ್ಟುವುದೂ ಸಾಯುವುದೂ ದಾಸ್ತಾನಿನ ಸಾಲಿನಲ್ಲಿ. ಯಾಕೆಂದರೆ ಮಾರ್ಜಿನ್ ಅಷ್ಟು ತೆಳು. 500 ಲಕ್ಷದ ದಾಸ್ತಾನನ್ನು ಶೇ 9ರಷ್ಟು ಏರಿಸಿ ಬರೆದಿದ್ದರೆ 45 ಲಕ್ಷ, ಅಂದರೆ ತೆರಿಗೆಗೆ ಮುಂಚಿನ ಪೂರ್ತಿ ಲಾಭ ಮಾಯ. ನೂರು ಚೀಲಕ್ಕೆ ಒಂಬತ್ತು ಚೀಲ!

ಲೆಕ್ಕದಿಂದ ಚೀಲಕ್ಕೆ ಇಳಿಯಿರಿ. ಎಲ್ಲವೂ ಭತ್ತವೇ ಆದರೆ 500 ಲಕ್ಷ ÷ 1,800 = ಸುಮಾರು 27,800 ಚೀಲ, ಹತ್ತಿರಹತ್ತಿರ 2,085 ಟನ್. ಗೋಡೌನಿಗೆ ಹೋದಾಗ ಒಂದು ನಿಟ್ಟಿನ (ಒಟ್ಟಿದ ಚೀಲಗಳ ರಾಶಿಯ) ಉದ್ದಕ್ಕೆ ಎಷ್ಟು ಚೀಲ, ಅಗಲಕ್ಕೆ ಎಷ್ಟು, ಎತ್ತರಕ್ಕೆ ಎಷ್ಟು ಎಂದು ಎಣಿಸಿ ಗುಣಿಸಿ. ಮುಂಭಾಗ ಮಾತ್ರ ಎಣಿಸಿ ಬರಬೇಡಿ. ನಾಲ್ಕೂ ಕಡೆ ಗೋಡೆಯಂತೆ ಒಟ್ಟಿ ನಡುವೆ ಪೊಳ್ಳು ಬಿಟ್ಟ ನಿಟ್ಟು ಹೊರಗಿನಿಂದ ಅಪ್ಪಟ ನಿಟ್ಟಿನ ಹಾಗೇ ಕಾಣುತ್ತದೆ. ಏಣಿ ಹಾಕಿ ಮೇಲೆ ಹತ್ತಿದರೆ ನಡುಭಾಗ ಕುಸಿದಿರುವುದು ಕಾಲಿಗೆ ಗೊತ್ತಾಗುತ್ತದೆ. ಒಂದೆರಡು ಚೀಲ ತೂಗಿಸಿ. ಯಾರ ಮಾಲು ಎಂದೂ ಕೇಳಿ: ಬೇರೆಯವರ ಭತ್ತವನ್ನು ಕೂಲಿಗೆ ಮಿಲ್ ಮಾಡಿಕೊಡುವ ಕಡೆ, ಸರ್ಕಾರದ ಭತ್ತ ಇಟ್ಟುಕೊಂಡಿರುವ ಕಡೆ, ಗೋಡೌನಿನಲ್ಲಿರುವುದೆಲ್ಲ ಮಿಲ್ಲಿನದಲ್ಲ.

ಒಣಗುವಿಕೆಯ ಲೆಕ್ಕ ಮರೆಯುವವರು ಬಹಳ. ಶೇ 17 ತೇವಾಂಶದ 100 ಕೆಜಿ ಭತ್ತ ಶೇ 14ಕ್ಕೆ ಒಣಗಿದರೆ ಉಳಿಯುವುದು 96.5 ಕೆಜಿ (83 ÷ 86). ಕೊಯ್ಲಿನ ಹೊಸ ಭತ್ತವನ್ನು ಡಿಸೆಂಬರಿನಲ್ಲಿ ತೂಗಿದ ತೂಕಕ್ಕೇ ಮಾರ್ಚಿನಲ್ಲೂ ಪುಸ್ತಕದಲ್ಲಿ ಇಟ್ಟಿದ್ದರೆ ನೂರಕ್ಕೆ ಮೂರೂವರೆ ಕೆಜಿ ಗಾಳಿಗೆ ಬೆಲೆ ಕಟ್ಟಿದಂತೆ. ದರದ ನಿಯಮವೂ ಇದೆ: ಕೊಂಡ ದರ, ಇಂದಿನ ಮಾರಾಟ ದರ, ಇವೆರಡರಲ್ಲಿ ಕಡಿಮೆ ಯಾವುದೋ ಅದಕ್ಕೆ ದಾಸ್ತಾನು ಹಿಡಿಯಬೇಕು. ಸೋನಾಮಸೂರಿ ದರ ಬಿದ್ದ ವರ್ಷ ಹಳೆ ದರದಲ್ಲೇ ದಾಸ್ತಾನು ನಿಂತಿದ್ದರೆ ಆ ಲಾಭವನ್ನು ನಂಬಬೇಡಿ.

ಇಳುವರಿ ನೋಡುವ ಒಂದು ಒಳ್ಳೆಯ ಜಾಗ ತೆರಿಗೆ ಆಡಿಟ್ ವರದಿಯಲ್ಲಿದೆ. 2024-25ರ ವರದಿಯ ಫಾರಂ 3ಸಿಡಿಯ 35ನೇ ಕಲಂನಲ್ಲಿ ಕಚ್ಚಾ ಮಾಲು ಎಷ್ಟು ಬಂತು, ಎಷ್ಟು ಖರ್ಚಾಯಿತು, ಏನೇನು ಎಷ್ಟು ಹೊರಬಂತು, ಶೇಕಡ ಇಳುವರಿ ಎಷ್ಟು ಎಂದು ಬರೆದಿರುತ್ತದೆ. ನುಚ್ಚು ಸೇರಿ ಅಕ್ಕಿ ಶೇ 65-67ರ ಆಸುಪಾಸು, ಉಮಿ ಶೇ 20ರ ಸುತ್ತ ಬರುವುದು ವಾಡಿಕೆ. ಪುಸ್ತಕ ಶೇ 60 ಎಂದರೆ ಅಕ್ಕಿ ಬಿಲ್ಲಿಲ್ಲದೆ ಹೊರಟಿರಬಹುದು; ಶೇ 72 ಎಂದರೆ ಕೆಲವು ಮಾರಾಟದ ಬಿಲ್ಲುಗಳ ಹಿಂದೆ ಮಾಲೇ ಇಲ್ಲದಿರಬಹುದು. ಕರೆಂಟ್ ಬಿಲ್ಲಿನ ಯೂನಿಟ್ಟನ್ನು ಆ ವರ್ಷದ ಚೀಲಕ್ಕೆ ಭಾಗಿಸಿ ಹಿಂದಿನ ವರ್ಷದ ಜೊತೆ ಹೋಲಿಸಿ. ಹಳೇ ಯಂತ್ರ, ಅದೇ ಭತ್ತ, ಚೀಲಕ್ಕೆ ಯೂನಿಟ್ ಮಾತ್ರ ಅರ್ಧವಾಗಿದ್ದರೆ ಕಾರಣ ಕೇಳಬೇಕು.

ಮಾರ್ಚ್ 31 ಎಂಬ ಫೋಟೊ

ಬ್ಯಾಲೆನ್ಸ್ ಶೀಟ್ ಒಂದು ದಿನದ ಫೋಟೊ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಮುಂಗಾರಿನ ಭತ್ತ ನವೆಂಬರಿನಿಂದ ಜನವರಿವರೆಗೆ ಬರುತ್ತದೆ, ಬೇಸಿಗೆ ಬೆಳೆ ಏಪ್ರಿಲ್-ಮೇಯಲ್ಲಿ. ಮಾರ್ಚ್ 31 ಎರಡು ಸುಗ್ಗಿಯ ನಡುವಿನ ದಿನ. ಗೋಡೌನು ಖಾಲಿಯ ಕಡೆ, ಸಾಲವೂ ಇಳಿದಿರುವ ಹೊತ್ತು. ಜನವರಿ ಕೊನೆಯ ಚಿತ್ರವೇ ಬೇರೆ.

ಇದನ್ನು ಬಡ್ಡಿಯಿಂದ ಹಿಡಿಯಬಹುದು. ಸಿ.ಸಿ. ಬಡ್ಡಿ 63 ಲಕ್ಷ, ದರ ಶೇ 10.5 ಎಂದುಕೊಳ್ಳಿ. 63 ÷ 0.105 = 600. ವರ್ಷವಿಡೀ ಸರಾಸರಿ 600 ಲಕ್ಷ ಸಾಲ ಇತ್ತು ಎಂದಾಯಿತು. ಬ್ಯಾಲೆನ್ಸ್ ಶೀಟಿನ ಎರಡು ತುದಿಯ ಅಂಕಿ 330, 580. ನಡುವೆ ಸಾಲ ಅದಕ್ಕಿಂತ ಸಾಕಷ್ಟು ಮೇಲೆ ಹೋಗಿತ್ತು. ಸಿ.ಸಿ. ಸ್ಟೇಟ್‌ಮೆಂಟಿನಲ್ಲಿ ಪ್ರತಿ ತಿಂಗಳ ಗರಿಷ್ಠ ಬಾಕಿ ಬರೆದುಕೊಂಡು ಲಿಮಿಟ್ಟಿಗೆ ಎಷ್ಟು ತಿಂಗಳು ತಾಗಿಕೊಂಡಿತ್ತು ನೋಡಿ. ಮಾರ್ಚ್ 28-31ರಲ್ಲಿ ದೊಡ್ಡ ಜಮೆ ಬಿದ್ದು ಏಪ್ರಿಲ್ ಮೊದಲ ವಾರ ಅದೇ ಮೊತ್ತ ಹೊರಗೆ ಹೋಗಿದ್ದರೆ, ಅದು ಫೋಟೊಗೆ ಹಾಕಿಕೊಂಡ ಇಸ್ತ್ರಿ ಅಂಗಿ.

ಈ ಮಿಲ್ಲಿನ ವಿಚಿತ್ರ ಇನ್ನೊಂದು: ಖಾಲಿಯಾಗಬೇಕಾದ ಹೊತ್ತಿನಲ್ಲಿ ದಾಸ್ತಾನು 300ರಿಂದ 500ಕ್ಕೆ ಏರಿದೆ. ದರ ಏರಲಿ ಎಂದು ಹಿಡಿದಿಟ್ಟರೋ, ಅಕ್ಕಿ ಹೋಗಲಿಲ್ಲವೋ? ಅಕ್ಕಿ-ಭತ್ತ ಬೇರೆಬೇರೆ ಮಾಡಿ ಕೇಳಿ. ಭತ್ತ ಹೆಚ್ಚಿದ್ದರೆ ಜೂಜು, ಅಕ್ಕಿ ಹೆಚ್ಚಿದ್ದರೆ ಗಿರಾಕಿಯ ಸಮಸ್ಯೆ.

1.34 ಎಂಬ ಅನುಕೂಲದ ಅಂಕಿ

ವರ್ಷದೊಳಗೆ ದುಡ್ಡಾಗುವ ಆಸ್ತಿಯನ್ನು ವರ್ಷದೊಳಗೆ ಕಟ್ಟಬೇಕಾದ ಹೊಣೆಗೆ ಭಾಗಿಸಿದರೆ ಕರೆಂಟ್ ರೇಶಿಯೊ. ಆಸ್ತಿ: 500 + 620 + 60 + 10 = 1,190. ಹೊಣೆ: ಸಿ.ಸಿ. 580, ಭತ್ತದವರಿಗೆ 250, ಇತರೆ 20, ಟರ್ಮ್ ಲೋನಿನ ಮುಂದಿನ ಒಂದು ವರ್ಷದ ಕಂತು 40, ಒಟ್ಟು 890. ಭಾಗಿಸಿದರೆ 1.34.

1970ರ ದಶಕದ ರಿಸರ್ವ್ ಬ್ಯಾಂಕಿನ ಟಂಡನ್ ಸಮಿತಿಯ ಕಾಲದಿಂದ ಬ್ಯಾಂಕುಗಳು 1.33 ಎಂಬ ಗೆರೆಯನ್ನು ನೋಡುತ್ತ ಬಂದಿವೆ. ಗೆರೆಗೆ ಕೂದಲೆಳೆಯಷ್ಟು ಮೇಲೆ ಬಂದು ನಿಂತ ಅಂಕಿಯನ್ನು ಕಂಡಾಗ ಅನುಮಾನಿಸುವುದು ಒಳ್ಳೆಯ ಅಭ್ಯಾಸ. 90 ದಿನ ದಾಟಿದ 150 ಲಕ್ಷ ಬಾಕಿ ತೆಗೆದರೆ 1,040 ÷ 890 = 1.17. ನೆಂಟರ ಕೈಸಾಲ 80 ಲಕ್ಷ ದೀರ್ಘಾವಧಿಯದು ಎಂದು ತೋರಿಸಿದ್ದಾರೆ. ಮಗಳ ಮದುವೆಗೆ ಬೇಕೆಂದು ನಾಳೆಯೇ ಕೇಳಬಹುದಾದ ದುಡ್ಡು ದೀರ್ಘಾವಧಿ ಹೇಗಾಗುತ್ತದೆ? ಅದನ್ನೂ ಹೊಣೆಗೆ ಸೇರಿಸಿದರೆ 1,040 ÷ 970 = 1.07.

ಸಿ.ಸಿ. ಎಷ್ಟು ತೆಗೆಯಲು ಹಕ್ಕಿದೆ ಎಂಬ ಡ್ರಾಯಿಂಗ್ ಪವರ್ ಲೆಕ್ಕವನ್ನೂ ಹಾಕಿ. ಮಾರ್ಜಿನ್ (ಇಲ್ಲಿ ಲಾಭವಲ್ಲ, ಬ್ಯಾಂಕು ಸಾಲ ಕೊಡದೆ ಬಿಡುವ ಪಾಲು) ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ; ಇಲ್ಲಿ ದಾಸ್ತಾನಿಗೆ ಶೇ 25, ಬಾಕಿಗೆ ಶೇ 40 ಎಂದಿರಲಿ. ದುಡ್ಡು ಕೊಡದ ಮಾಲನ್ನು ದಾಸ್ತಾನಿನಿಂದ ಕಳೆಯಬೇಕು: 500 − 250 = 250, ಅದರ ಶೇ 75 ಅಂದರೆ 187.5. ಬಾಕಿಯಲ್ಲಿ 90 ದಿನದೊಳಗಿನ 470ರ ಶೇ 60 ಅಂದರೆ 282. ಕೂಡಿದರೆ 469.5. ತೆಗೆದಿರುವುದು 580. ಹೇಗೆ ಸಾಧ್ಯ? ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿ ಭತ್ತದವರ 250 ಲಕ್ಷ ತೋರಿಸದಿದ್ದರೆ ಡ್ರಾಯಿಂಗ್ ಪವರ್ 657 ಆಗುತ್ತದೆ. ಅಡತಿಯವರ ಭತ್ತವನ್ನೇ ಬ್ಯಾಂಕಿಗೆ ಒತ್ತೆ ತೋರಿಸಿ ಸಾಲ ಎತ್ತಿದ ಹಾಗೆ. ಮಿಲ್ಲು ಮುಳುಗಿದರೆ ಗೋಡೌನಿಗೆ ಬೀಗ ಹಾಕುವುದು ಬ್ಯಾಂಕು, ನೀವಲ್ಲ. ಕಂಪನಿಯಾಗಿದ್ದು ಲಿಮಿಟ್ 5 ಕೋಟಿ ದಾಟಿದ್ದರೆ, ಬ್ಯಾಂಕಿಗೆ ಮೂರು ತಿಂಗಳಿಗೊಮ್ಮೆ ಕೊಟ್ಟ ಲೆಕ್ಕ ಪುಸ್ತಕಕ್ಕೆ ತಾಳೆಯಾಗುತ್ತದೆಯೇ ಎಂದು ಆಡಿಟರ್ ವರದಿಯಲ್ಲಿ ಬರೆಯಬೇಕು. ಆ ಪ್ಯಾರಾ ಹುಡುಕಿ ಓದಿ.

ದುಡಿಮೆ ಬಡ್ಡಿಗೆ ಸಾಲುತ್ತದೆಯೇ

ಬಡ್ಡಿ, ತೆರಿಗೆಗೆ ಮುಂಚಿನ ದುಡಿಮೆ 45 + 80 = 125. ತೊಡಗಿಸಿದ ಒಟ್ಟು ದುಡ್ಡು ಬಂಡವಾಳ 380, ಟರ್ಮ್ ಲೋನ್ 150, ಸಿ.ಸಿ. 580, ಕೈಸಾಲ 80: ಒಟ್ಟು 1,190. ಶೇ 10.5 ಆದಾಯ. ಸಿ.ಸಿ. ಬಡ್ಡಿಯೂ ಶೇ 10.5! ಸಾಲ ತಂದು ವ್ಯಾಪಾರ ಹಿಗ್ಗಿಸಿದರೆ ಇವರಿಗೆ ಉಳಿಯುವುದು ಸೊನ್ನೆ. ಪಾಲು ಹಾಕುವವರು ನೋಡಬೇಕಾದದ್ದು 31 ÷ 380, ಅಂದರೆ ಶೇ 8.2. ಬ್ಯಾಂಕ್ ಠೇವಣಿಯ ಬಡ್ಡಿ ಪಕ್ಕದಲ್ಲಿಟ್ಟುಕೊಂಡು, ಮಿಲ್ಲಿನ ಪಾಲಿನಲ್ಲಿ ಆಸ್ತಿಯೆಲ್ಲ ಹೊಣೆಗೆ ಬೀಳುತ್ತದೆ ಎಂಬುದನ್ನೂ ಸೇರಿಸಿ ಯೋಚಿಸಿ. ಫರ್ಮಿನ ಪಾಲುದಾರನ ಹೊಣೆಗೆ ಮಿತಿ ಇಲ್ಲ.

ಕಂತು ಕಟ್ಟುವ ಶಕ್ತಿ: ಲಾಭ, ಸವಕಳಿ, ಟರ್ಮ್ ಲೋನಿನ ಬಡ್ಡಿ ಕೂಡಿ, ಕಂತು ಮತ್ತು ಅದೇ ಬಡ್ಡಿಯ ಮೊತ್ತಕ್ಕೆ ಭಾಗಿಸಿ. (31 + 30 + 17) ÷ (40 + 17) = 1.37. ನೋಡಲು ಚೆನ್ನಾಗಿದೆ. ಆದರೆ ಈ ಸೂತ್ರ ಲಾಭವನ್ನು ದುಡ್ಡೆಂದೇ ನಂಬುತ್ತದೆ; −248 ಅದಕ್ಕೆ ಕಾಣುವುದಿಲ್ಲ.

ಎರಡನೇ ಬೆಳೆ ಬಾರದಿದ್ದರೆ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದದ್ದನ್ನು ಈ ಭಾಗದಲ್ಲಿ ಯಾರೂ ಮರೆತಿಲ್ಲ. ನೀರು ಇಲ್ಲದ ಒಂದು ಬೆಳೆ ಮಿಲ್ಲಿಗೆ ಏನು ಮಾಡುತ್ತದೆ ಎಂದು ಮೊದಲೇ ಲೆಕ್ಕ ಹಾಕಬಹುದು. ಮಾರಾಟದಿಂದ ಭತ್ತದ ವೆಚ್ಚ ಕಳೆದ ಒಟ್ಟು ಮಾರ್ಜಿನ್ ಚೀಲಕ್ಕೆ 300 ಲಕ್ಷ ÷ 2 ಲಕ್ಷ = 150 ರೂಪಾಯಿ. 145 ಲಕ್ಷ ಖರ್ಚಿನಲ್ಲಿ 85 ಲಕ್ಷ ಚೀಲದ ಜೊತೆ ಏರಿಳಿಯುವಂಥದ್ದು ಎಂದರೆ ಚೀಲಕ್ಕೆ 42.50. ಉಳಿಯುವುದು 107.50. ಏನೇ ಆದರೂ ತಪ್ಪದ ಖರ್ಚು: 145ರಲ್ಲಿ ಉಳಿದ 60 + ಸವಕಳಿ 30 + ಬಡ್ಡಿ 80 = 170 ಲಕ್ಷ. ಭಾಗಿಸಿದರೆ ಸುಮಾರು 1,58,000 ಚೀಲ. ಅಷ್ಟು ಓಡಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಕಾಲು ಭಾಗ ಭತ್ತ ಕಡಿಮೆಯಾಗಿ 1.5 ಲಕ್ಷ ಚೀಲಕ್ಕೆ ಇಳಿದರೆ ಸುಮಾರು 9 ಲಕ್ಷ ನಷ್ಟ. ಆದ್ದರಿಂದ ಮೂರು ವರ್ಷದ ಲೆಕ್ಕ ಹೋಲಿಸುವಾಗ ಪ್ರತಿ ವರ್ಷದ ಪಕ್ಕದಲ್ಲಿ ಎರಡನೇ ಬೆಳೆಗೆ ನೀರು ಬಂತೋ ಇಲ್ಲವೋ ಎಂದು ಬರೆದುಕೊಳ್ಳಿ.

ಜಿಎಸ್‌ಟಿ ತಾಳೆ

ಪುಸ್ತಕದ ಮಾರಾಟ 3ಬಿ ರಿಟರ್ನ್‌ಗಳ ಮೊತ್ತಕ್ಕೆ ಕೂಡಬೇಕು. ಒಂದು ಎಡವಟ್ಟು ಇಲ್ಲಿ ಸಾಮಾನ್ಯ: 2022ರ ಜುಲೈ 18ರಿಂದ 25 ಕೆಜಿವರೆಗಿನ ಲೇಬಲ್ ಹಾಕಿದ ಪ್ಯಾಕಿಗೆ ಶೇ 5 ತೆರಿಗೆ ಬಂತು, ಮಾರುಕಟ್ಟೆಗೆ 26 ಕೆಜಿ ಚೀಲ ಬಂದದ್ದು ಅದರ ಬೆನ್ನಿಗೇ. ಹೀಗಾಗಿ ಮಾರಾಟದ ದೊಡ್ಡ ಭಾಗ ವಿನಾಯಿತಿಯ ಕಾಲಂನಲ್ಲಿರುತ್ತದೆ. ತೆರಿಗೆಯ ಕಾಲಂ ಒಂದನ್ನೇ ಕೂಡಿ "ಮಾರಾಟ ಮುಚ್ಚಿಟ್ಟಿದ್ದಾರೆ" ಎಂದು ಜಗಳಕ್ಕೆ ಹೋಗಬೇಡಿ.

ಬೇರೆ ದಂಧೆಯಾದರೆ

ರಾಯಚೂರಿನ ಹತ್ತಿ ಜಿನ್ನಿಂಗಿನಲ್ಲಿ ಮಾರ್ಚ್ ಹೊತ್ತಿಗೆ ಹಂಗಾಮು ಮುಗಿಯುತ್ತ ಬಂದಿರುತ್ತದೆ. ಡಿಸೆಂಬರಿನ ಸ್ಟಾಕ್ ಸ್ಟೇಟ್‌ಮೆಂಟ್ ನೋಡದೆ ಮಾತಾಡಬೇಡಿ. ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಯಂತ್ರಕ್ಕಿಂತ ಬಾಕಿ ದೊಡ್ಡದು. ಅಲ್ಲಿ ಹೊಲಿಗೆ, ವಾಷಿಂಗ್ ಮಾಡಿಕೊಡುವ ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ನೋಂದಣಿ) ಇರುವ ಸಣ್ಣ ಘಟಕಗಳಿಗೆ ಒಪ್ಪಂದವಿದ್ದರೆ ಗರಿಷ್ಠ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ದುಡ್ಡು ಕೊಡಬೇಕು. ಗಡುವು ಮೀರಿ ಮಾರ್ಚ್ 31ಕ್ಕೂ ಬಾಕಿ ಉಳಿದರೆ 2023-24ರ ಲೆಕ್ಕದಿಂದ ಈಚೆಗೆ ಆ ಖರ್ಚು ಆ ವರ್ಷದ ತೆರಿಗೆ ಲೆಕ್ಕಕ್ಕೆ ಸಿಗುವುದಿಲ್ಲ, ಕೊಟ್ಟ ವರ್ಷ ಸಿಗುತ್ತದೆ. ಲಾಭಕ್ಕಿಂತ ತೆರಿಗೆ ದೊಡ್ಡದಾಗಿ ಕಂಡರೆ ಮೊದಲು ಇದನ್ನು ನೋಡಿ. ಕೈ ಪಳಗಿಸಲು ಕೊಪ್ಪಳದ ಬೇವಿನಹಳ್ಳಿಯಲ್ಲಿ ಕಾರ್ಖಾನೆಯಿರುವ ಕಿರ್ಲೋಸ್ಕರ್ ಫೆರಸ್, ತೋರಣಗಲ್ಲಿನ ಜೆಎಸ್‌ಡಬ್ಲ್ಯು ಸ್ಟೀಲ್‌ನಂಥ ಷೇರುಪೇಟೆಯ ಕಂಪನಿಗಳ ವಾರ್ಷಿಕ ವರದಿ ಪುಕ್ಕಟೆ ಸಿಗುತ್ತವೆ. ಅಂಗಸಂಸ್ಥೆ ಸೇರಿಸಿದ್ದು, ಬಿಟ್ಟದ್ದು ಎಂದು ಎರಡು ಲೆಕ್ಕ ಇದ್ದರೆ ಒಂದರ ಅಂಕಿಯನ್ನು ಇನ್ನೊಂದಕ್ಕೆ ಬೆರೆಸದಿರಿ.

ಈ ಮಿಲ್ಲಿಗೆ ಉದ್ರಿ ಕೊಡಬಹುದೇ

ಮಾಲೀಕರ ಎದುರು ಮೂರು ಕಾಗದ ಕೇಳಿ: 90 ದಿನ ದಾಟಿದ 150 ಲಕ್ಷದ ಗಿರಾಕಿವಾರು ಪಟ್ಟಿ, ಜನವರಿಯ ಸ್ಟಾಕ್ ಸ್ಟೇಟ್‌ಮೆಂಟ್, ಸಿ.ಸಿ. ಇರುವವರೆಗೆ ಕೈಸಾಲ ವಾಪಸ್ ಕೇಳುವುದಿಲ್ಲ ಎಂದು ನೆಂಟರು ಬ್ಯಾಂಕಿಗೆ ಬರೆದುಕೊಟ್ಟ ಪತ್ರ. 150 ಲಕ್ಷ ಒಂದಿಬ್ಬರ ಹೆಸರಲ್ಲೇ ಇದ್ದರೆ, ಅದರಲ್ಲೂ ಅದೇ ಮನೆತನದ ಇನ್ನೊಂದು ಫರ್ಮ್ ಇದ್ದರೆ, ಉದ್ರಿ ಬೇಡ, ನಗದಿಗೆ ಮಾತ್ರ. ಪಟ್ಟಿ ಹತ್ತಾರು ಊರಿನ ಗಿರಾಕಿಗಳಿಗೆ ಹರಡಿದ್ದು ಏಪ್ರಿಲ್-ಮೇಯಲ್ಲಿ ಜಮೆಯಾಗಿರುವುದು ಸಿ.ಸಿ. ಸ್ಟೇಟ್‌ಮೆಂಟಿನಲ್ಲಿ ಕಂಡರೆ, ಹಳೆಯ 14 ದಿನದ ವಾಯಿದೆಗೆ ವಾಪಸ್ ತಂದು, ಹಿಂದಿನ ಲೋಡಿನ ದುಡ್ಡು ಬಂದ ಮೇಲೆ ಮುಂದಿನ ಲೋಡು ಎಂಬ ಕರಾರಿನಲ್ಲಿ ಭತ್ತ ಬಿಡಬಹುದು.